ಬಾಯಾರದವರ ಊರು

ನೀಲು ನೀರು ಕೇಳುವುದನ್ನು ಬಿಟ್ಟು ನಾಲ್ಕು ದಿನವಾಗಿತ್ತು. ಅದು ಅವಳ ತಾಯಿ ಸಾವಂತ್ರಿಗೆ ಗೊತ್ತಾದದ್ದು ಐದನೆಯ ದಿನ.

ಐದು ವರ್ಷದ ಕೂಸೊಂದು ತಾಯಿ, ಅಜ್ಜಿ ಇಬ್ಬರ ಕಣ್ಣೆದುರಿಗೇ ನಾಲ್ಕು ದಿನ ಒಣಗುತ್ತ ಹೋದರೆ ಯಾರಿಗೂ ತಿಳಿಯುವುದಿಲ್ಲವೇ, ಇವರೇನು ಮನುಷ್ಯರೋ ಕಲ್ಲುಗಳೋ ಎಂದು ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ನೀವು ಹಿರೇಬಾವಿಯವರಲ್ಲ. ಹಿರೇಬಾವಿಯ ದೊಡ್ಡವರಿಗೆ ಬಾಯಾರಿಕೆ ಎಂಬುದೇ ಹೋಗಿ ಆಗಲೇ ಮೂರು ವರ್ಷವಾಗಿತ್ತು.

ಅದಕ್ಕೂ ಮುಂಚೆ ಆ ಊರು ಹೇಗಿತ್ತೆಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಎರಡು ಲಕ್ಷ ಜನ. ಇದ್ದದ್ದು ಒಂದು ಕೆರೆ, ಒಂದು ಹೊಳೆ. ಹೊಳೆಯನ್ನು ಹೀರಿ ಹೀರಿ ಬರೀ ಮರಳು ಮಾಡಿಟ್ಟಿದ್ದರು. ಕೊಳವೆಬಾವಿ ಸಾವಿರದ ಇನ್ನೂರು ಅಡಿಗೆ ಇಳಿದಿತ್ತು, ಅಲ್ಲಿಂದ ಬಂದ ನೀರು ಕುಡಿದವರ ಹಲ್ಲು, ಮೂಳೆ ಎಲ್ಲ ಹಾಳು. ಹೊಳೆಯ ಕೆಳದಂಡೆಯ ಹಳ್ಳಿಗಳು ಒಂದೊಂದಾಗಿ ಖಾಲಿಯಾಗಿದ್ದವು. ಟ್ಯಾಂಕರ್ ಬಂದರೆ ಕೊಡಗಳಿಂದಲೇ ತಲೆ ಒಡೆದುಕೊಳ್ಳುತ್ತಿದ್ದರು. ಒಂದು ಬೇಸಿಗೆಯಲ್ಲಿ ಇಬ್ಬರು ಹೆಂಗಸರು ಸತ್ತೇಹೋದರು. ಅಂಥ ಹೊತ್ತಿನಲ್ಲಿ ಬಂದದ್ದು ತಂಪಿನ ಸೂಜಿ.

ಸರಕಾರದ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಜನ ಕರೆದದ್ದು ತಂಪಿನ ಸೂಜಿ ಎಂದು. ರಕ್ತದಲ್ಲಿ ಉಪ್ಪು ತುಸು ಏರಿದರೂ ಸಾಕು, ಮಿದುಳಿನಲ್ಲಿ ಕಡಲೆಕಾಳಿಗಿಂತ ಚಿಕ್ಕದಾದ ಒಂದು ಜಾಗ ಎಚ್ಚೆತ್ತು ನೀರು, ನೀರು ಎಂದು ಕೂಗಲು ಶುರುಮಾಡುತ್ತದೆ. ಆ ಕೂಗಿಗೇ ನಾವು ಬಾಯಾರಿಕೆ ಅನ್ನುವುದು. ಸೂಜಿಯೊಳಗಿನ, ಕಾಯಿಲೆ ತರದ ಸಾಧು ವೈರಸ್ಸು ನೇರ ಅಲ್ಲಿಗೆ ಹೋಗಿ ಆ ಜೀವಕೋಶಗಳನ್ನು ಮಲಗಿಸುತ್ತಿತ್ತು. ಮೂತ್ರಪಿಂಡಗಳಿಗೂ, ನೀರನ್ನು ಹೊರಗೆ ಬಿಡದೆ ತಿರುಗಿ ಒಳಗೇ ಕಳಿಸುವುದನ್ನು ಕಲಿಸುತ್ತಿತ್ತು. ಮೂರು ಲೀಟರ್ ಬೇಡುತ್ತಿದ್ದ ದೇಹ ಮುಕ್ಕಾಲು ಲೀಟರಿಗೆ ಒಗ್ಗಿತು. ದಿನಕ್ಕೆ ಮೂರು ಸಲ ಓಣಿ ಓಣಿಯಲ್ಲಿ ಸೈರನ್ ಕೂಗುತ್ತಿತ್ತು, ಆಗ ಒಂದೊಂದು ಲೋಟ, ಅಷ್ಟೇ. ಬಾಯಾರಿಕೆ ಹೋದ ಮೇಲೆ ನೀರಿನ ಆಸೆಯೇ ಹೋಯಿತು. ಸ್ನಾನ ವಾರಕ್ಕೆರಡಾಯಿತು, ಅಂಗಳಕ್ಕೆ ನೀರು ಚಿಮುಕಿಸುವುದು ನಿಂತಿತು. ಎರಡನೆಯ ವರ್ಷ ಬೇಸಿಗೆಯಲ್ಲೂ ಹೊಳೆ ಹರಿಯಿತು! ಕೆರೆಗೆ ಬಾತುಕೋಳಿಗಳು ಬಂದವು. ಕೆಳದಂಡೆಯ ಹಳ್ಳಿಗಳಿಗೆ ಜನ ಮರಳಿದರು. ಎಲ್ಲೆಲ್ಲಿಂದಲೋ ನೋಡಲು ಬಂದವರು ನಮಗೂ ಸೂಜಿ ಕೊಡಿ ಎಂದು ಕೇಳಿ ಹೋದರು.

ಮಕ್ಕಳಿಗೆ ಮಾತ್ರ ಸೂಜಿ ಇರಲಿಲ್ಲ. ಬೆಳೆಯುವ ಮೂತ್ರಪಿಂಡಕ್ಕೆ ಅದು ಸಲ್ಲದೆಂದು ಹದಿನಾಲ್ಕು ವರ್ಷದವರೆಗೆ ಬಿಟ್ಟಿದ್ದರು. ಮನೆಮನೆಗೆ ಹಂಚಿದ ಪುಸ್ತಿಕೆಯ ಹನ್ನೊಂದನೆಯ ಪುಟದಲ್ಲಿ ಅದಕ್ಕೊಂದು ಸಾಲು ಕೂಡ ಇತ್ತು: ಮಕ್ಕಳು ಕೇಳಿದಾಗಲೆಲ್ಲ ನೀರು ಕೊಡತಕ್ಕದ್ದು. ಮೊದಮೊದಲು ಕೊಟ್ಟರು. ಆಮೇಲೆ ಬೇಸರವಾಗತೊಡಗಿತು. ತನಗೆ ಬೇಡವಾದದ್ದನ್ನು ಕೂಸು ಗಳಿಗೆಗೊಮ್ಮೆ ಬಂದು ಬೇಡಿದರೆ ಯಾರಿಗೂ ಅದು ಹಟವೆಂದೇ ಕಾಣುತ್ತದೆ.

ಸಾವಂತ್ರಿಯ ಮನೆಯಲ್ಲಿಯೂ ಹೀಗೇ ಆಯಿತು. ಗಂಡ ದೂರದ ಗಾಳಿಯಂತ್ರದ ಕಾವಲಿಗಿದ್ದು ಹದಿನೈದು ದಿನಕ್ಕೊಮ್ಮೆ ಬರುವವನು. ಮನೆಯಲ್ಲಿದ್ದವರು ಅವಳು, ಅತ್ತೆ ಕಾಶವ್ವ, ಮಗಳು ನೀಲು.

"ಅವ್ವಾ, ನೀರು."

"ಈಗಷ್ಟ ಕುಡದೀಯಲ್ಲs! ಸೈರನ್ ಆಗ್ಲಿ ತಡಿ."

"ಆಯೀ, ನೀರು."

"ಸುಮ್ಮನ ಕೂಡ್ತಿಯೋ ಇಲ್ಲೋ? ನೀರ ನೀರ ಅಂತ ಜೀವಾ ತಿಂತೈತಿ ಕೂಸು. ಆ ಕಡಿ ಮನಿ ಪೋರಿನ ನೋಡು, ಎಷ್ಟ ಶಾಣ್ಯಾ ಅದಾಳ," ಎನ್ನುತ್ತಿದ್ದಳು ಕಾಶವ್ವ. ಕೆಟ್ಟ ಮುದುಕಿಯೇನಲ್ಲ ಅವಳು. ಮೊಮ್ಮಗಳಿಗೆ ನೆಗಡಿಯಾದರೆ ಎಂಟು ಸಲ ಎದ್ದು ಹಣೆ ಮುಟ್ಟಿ ನೋಡುವವಳು. ಆದರೆ ಸೈರನ್ ಇಲ್ಲದೆ ಕೊಡದ ಮುಚ್ಚಳ ತೆಗೆಯಬೇಕೆಂದು ಅವಳಿಗೆ ತೋಚುತ್ತಲೇ ಇರಲಿಲ್ಲ. ಸೈರನ್ನಿಗೆ ಸಿಗುವ ಒಂದೆರಡು ಗುಟುಕು ಸಾಲದ ಮಕ್ಕಳನ್ನು ಅಷ್ಟು ದಿನ ಬದುಕಿಸಿಟ್ಟದ್ದು ಅಂಗನವಾಡಿಯ ನಳ. ಅಲ್ಲಿ ಹೋಗಿ ಅವು ಹೊಟ್ಟೆ ತುಂಬ ಕುಡಿದು ಬರುತ್ತಿದ್ದವು, ದೊಡ್ಡವರಿಗೆ ಅದು ಗೊತ್ತೂ ಇರಲಿಲ್ಲ.

ಸಾವಂತ್ರಿ ಇದ್ದದ್ದು ಊರ ನೀರಿನ ನಿಯಂತ್ರಣ ಕೊಠಡಿಯಲ್ಲಿ. ಗೋಡೆಯುದ್ದದ ಪರದೆಯ ಮೇಲೆ ಇಡೀ ಹಿರೇಬಾವಿಯ ಕೊಳವೆಗಳು ಗೆರೆಗೆರೆಯಾಗಿ ಕಾಣುತ್ತಿದ್ದವು. ಹೆಚ್ಚು ನೀರು ಎಳೆದ ಗೆರೆ ಕೆಂಪು, ಕಡಿಮೆ ಎಳೆದದ್ದು ಹಸಿರು. ಕಡಿಮೆಯಾದಷ್ಟೂ ಹಸಿರು ಕಡುವಾಗುತ್ತಿತ್ತು. ಕೆಂಪು ಕಂಡರೆ ಓಡಬೇಕು, ಹಸಿರು ಕಂಡರೆ ಚಹಾ ಕುಡಿಯಬಹುದು ಎಂಬುದು ಅಲ್ಲಿನ ಕೆಲಸದ ರೀತಿ. ಚಹಾ ಕುಡಿಯುವವರು ಈಗ ಯಾರೂ ಇರಲಿಲ್ಲ, ಆದರೂ ಮಾತು ಉಳಿದುಕೊಂಡಿತ್ತು.

ಅವತ್ತು ಶುಕ್ರವಾರ, ಮೇ ತಿಂಗಳ ಎರಡನೆಯ ವಾರ, ಹೊರಗೆ ನಲವತ್ನಾಲ್ಕು ಡಿಗ್ರಿ. ಹಿರಿಯ ಇಂಜಿನಿಯರ್ ಹಂಚಿನಾಳ ಸಾಹೇಬರು ಉಬ್ಬಿ ಹೋಗಿದ್ದರು.

"ಸಾವಂತ್ರಿ, ಬಾ ಇಲ್ಲೆ. ನಿಮ್ಮ ವಾರ್ಡ್ ಈ ಸಲಾನೂ ಗೆದ್ದೈತಿ. ಈ ಗೆರಿ ನೋಡು, ಎಷ್ಟ ಹಸರ ಐತಿ!"

"ಯಾವ್ದರಿ ಸರ್ ಅದು?"

"ಅಂಗನವಾಡಿ ಲೈನ್. ಸೋಮವಾರದಿಂದ ಸೊನ್ನಿ. ನಲವತ್ತ ಮಕ್ಕಳು, ಸೊನ್ನಿ ಲೀಟರ್! ಆ ಅಕ್ಕೋರಿಗೆ ಸನ್ಮಾನ ಮಾಡಬೇಕಂತ ಮ್ಯಾಲಿನಿಂದ ಫೋನ್ ಬಂದಿತ್ತು."

ಸಾವಂತ್ರಿಯೂ ನಕ್ಕಳು. ನಾಲ್ಕು ದಿನದಿಂದ ಆ ಗೆರೆಯನ್ನು ಅವಳೂ ನೋಡಿದ್ದಳು, ನಮ್ಮ ಓಣಿ ಎಷ್ಟು ಚೆಂದ ಎಂದು ಹಿಗ್ಗಿದ್ದಳು. ತನ್ನ ಕುರ್ಚಿಗೆ ಮರಳಿ ಕೂತ ಮೇಲೆ ಸಾಹೇಬರ ಮಾತು ಇನ್ನೊಮ್ಮೆ ಕಿವಿಗೆ ಬಂತು. ನಲವತ್ತು ಮಕ್ಕಳು. ಸೊನ್ನೆ. ಮಕ್ಕಳಿಗೆ ಸೂಜಿ ಇಲ್ಲ. ಸೂಜಿ ಇಲ್ಲದವರಿಗೆ ನೀರು ಬೇಕು. ಬೇರೆ ಊರಿನ ಹೆಣ್ಣುಮಗಳಿಗಾದರೆ ಗಂಟಲಿಗೇ ತಿಳಿಯುತ್ತಿದ್ದದ್ದನ್ನು ಅವಳು ಹೀಗೆ ಕೂಡಿಸಿ ಕಳೆದು ತಿಳಿಯಬೇಕಾಯಿತು. ನೀಲು ಕೊನೆಯ ಸಲ ನೀರು ಕೇಳಿದ್ದು ಯಾವಾಗ?

ನೆನಪಾಗಲಿಲ್ಲ. ಫೋನ್ ಎತ್ತಿ ಅಂಗನವಾಡಿ ನಡೆಸುವ ಸುಗಂಧಾ ಅಕ್ಕೋರಿಗೆ ಹಚ್ಚಿದಳು.

"ಅಕ್ಕೋರ, ನಾ ಸಾವಂತ್ರಿ. ನಿಮ್ಮಲ್ಲಿ ನಳಕ್ಕ ನೀರ ಬರಾಕತ್ತಾವೇನ್ರಿ?"

"ನೀರಾ? ಇಲ್ಲವಾ. ಸೋಮವಾರದಿಂದ ಬಂದ್ ಐತಿ. ಹೇಳಬೇಕಂತಿದ್ದೆ, ಮರತs ಬಿಟ್ಟೆ ನೋಡು."

"ಮಕ್ಕಳು?"

"ಭಾಳ ಶಾಣ್ಯಾ ಆಗ್ಯಾವವಾ! ಗಲಾಟಿ ಇಲ್ಲ, ಏನಿಲ್ಲ. ಮೊದಲ ಎರಡ ದಿನ ಕಾಡಿದ್ದು, ಈಗ ನೋಡು, ಎಲ್ಲಾ ಗಪ್ಪಗ ಮಲಗ್ಯಾವು."

ಬೆಳಗಿನ ಹನ್ನೊಂದು ಗಂಟೆ ಹತ್ತು ನಿಮಿಷವಾಗಿತ್ತು, ಮಕ್ಕಳು ಮಲಗುವ ಹೊತ್ತಲ್ಲ.

ಅವಳು ಹೇಗೆ ಹೋದಳೋ ಅವಳಿಗೇ ಗೊತ್ತಿಲ್ಲ. ದಾರಿಯಲ್ಲಿ ಚಪ್ಪಲಿ ಎಲ್ಲೋ ಹೋಗಿ ಡಾಂಬರಿಗೆ ಅಂಗಾಲು ಸುಟ್ಟಿತ್ತು. ಅಂಗನವಾಡಿಯ ಬಾಗಿಲಲ್ಲಿ ಅಕ್ಕೋರು ನಗುತ್ತ ನಿಂತಿದ್ದರು. ಒಳಗೆ ಮಕ್ಕಳು ಮಲಗಿದ್ದವು. ಚಾಪೆಯ ಮೇಲಲ್ಲ. ನಳದ ಕೆಳಗಿನ ಸಿಮೆಂಟಿನ ಮೇಲೆ ಒಂದರ ಮೈಗೊಂದು ಹತ್ತಿ ಮಲಗಿದ್ದವು, ಒಂದು ಕಾಲಕ್ಕೆ ಅಲ್ಲಿ ಹಸಿ ಇರುತ್ತಿತ್ತೆಂದು. ಒಬ್ಬ ಹುಡುಗ ನಳದ ಬಾಯಿಗೆ ಬಾಯಿಟ್ಟು ಹಾಗೇ ಒರಗಿ ಕೂತಿದ್ದ. ನೀಲು ಗೋಡೆಯ ಕಡೆಗೆ ಮುಖ ಮಾಡಿದ್ದಳು. ಸಾವಂತ್ರಿ ಅವಳನ್ನು ತಿರುಗಿಸಿದಳು. ಕಣ್ಣು ಗುಳಿಬಿದ್ದು ಹೋಗಿತ್ತು, ತುಟಿ ಸೀಳಿ ಕಪ್ಪಾಗಿತ್ತು. ತಾಯಿಯನ್ನು ನೋಡಿ ಕೂಸು ಅಳಲು ಬಾಯಿ ತೆರೆಯಿತು. ದನಿಯೂ ಬರಲಿಲ್ಲ, ಕಣ್ಣೀರೂ ಬರಲಿಲ್ಲ.

ಅಕ್ಕೋರ ಬಾಟಲಿ ಮೇಜಿನ ಮೇಲೆ ಅರ್ಧ ತುಂಬಿ ನಿಂತಿತ್ತು. ನಾಲ್ಕು ದಿನವೂ ಅವರು ಮಕ್ಕಳ ಎದುರಿಗೇ ಸೈರನ್ನಿಗೆ ಸರಿಯಾಗಿ ಅದರಿಂದ ಕುಡಿದಿದ್ದರು.

"ಯಾಕವಾ, ಏನಾತು?" ಎಂದರು ಅಕ್ಕೋರು, ಇನ್ನೂ ನಗುತ್ತಲೇ. ಆ ನಗುವಿನಲ್ಲಿ ಸುಳ್ಳಿರಲಿಲ್ಲ, ಮೋಸವಿರಲಿಲ್ಲ. ಆ ಹೆಂಗಸಿಗೆ ನಿಜವಾಗಿಯೂ ಏನಾಯಿತೆಂದು ಗೊತ್ತಿರಲಿಲ್ಲ.

ನಲವತ್ತರಲ್ಲಿ ಹತ್ತೊಂಬತ್ತು ಮಕ್ಕಳನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಸಾಲು ಮಂಚ, ಸಾಲು ಸಲೈನ್ ಬಾಟಲಿ. ನೀಲುವಿನ ಕೈಯ ನರ ಸಿಗದೆ ಕಾಲಿಗೆ ಚುಚ್ಚಿದರು. ಅಲ್ಲಿ ಅವಳ ತಲೆಯ ಹತ್ತಿರ ಕೂತಾಗ ಸಾವಂತ್ರಿಗೆ ಕೊನೆಗೂ ನೆನಪಾಯಿತು, ಮಗಳು ಕೊನೆಯ ಸಲ ನೀರು ಕೇಳಿದ್ದು ಯಾವಾಗ ಎಂದು. ಭಾನುವಾರ. ನೆಲ ಒರೆಸಿದ ಹಸಿ ಬಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ಹೊಲಸು ಬಟ್ಟೆ ಬಾಯಾಗ ಇಡ್ತಿಯೇನ ಎಂದು ಸಾವಂತ್ರಿ ಕೆನ್ನೆಗೆ ಬಿಟ್ಟಿದ್ದಳು. ನೀರು ಬೇಕವ್ವಾ ಎಂದಿತ್ತು ಕೂಸು. ಅದಕ್ಕೆ ಇನ್ನೊಂದು ಬಿತ್ತು. ಆಮೇಲೆ ನೀಲು ಯಾರನ್ನೂ ಏನೂ ಕೇಳಲಿಲ್ಲ.

ವೈದ್ಯರು ಒಂದು ಮಾತು ಹೇಳಿ ಹೋಗಿದ್ದರು: ಎಚ್ಚರವಾದ ಮೇಲೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಚಮಚ ನೀರು ಹಾಕುತ್ತಿರಿ. ಸಾವಂತ್ರಿ ಕೈಯಲ್ಲಿ ಚಮಚ ಹಿಡಿದೇ ಕೂತಳು. ಮಗಳ ಕೂದಲು ಸವರಿದಳು, ಕಾಲು ಒತ್ತಿದಳು, ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಳು. ನೀಲು ಕಣ್ಣು ಬಿಟ್ಟು ಅವಳ ಕಡೆಯೇ ನೋಡುತ್ತಿದ್ದಳು. ನೋಡಲಿ, ಕೂಸಿಗೆ ಧೈರ್ಯ ಬರಲಿ ಎಂದುಕೊಂಡಳು ಸಾವಂತ್ರಿ. ಗಡಿಯಾರ ನೋಡಿದಾಗ ಒಂದೂಮುಕ್ಕಾಲು ತಾಸಾಗಿತ್ತು. ಅಷ್ಟೂ ಹೊತ್ತು ಚಮಚ ಕೈಯಲ್ಲಿತ್ತು, ಲೋಟ ಪಕ್ಕದಲ್ಲಿತ್ತು, ಕೂಸಿನ ಕಣ್ಣು ಲೋಟದ ಮೇಲಿತ್ತು! ನರ್ಸು ಎರಡು ಸಲ ಬಂದು ಹೋಗಿದ್ದಳು, ಅವಳಿಗೂ ಹೊಳೆದಿರಲಿಲ್ಲ.

ಅಷ್ಟು ಹೆದರಿಕೆ ಅವಳಿಗೆ ಟ್ಯಾಂಕರ್ ಜಗಳದಲ್ಲಿ ಸತ್ತ ಹೆಂಗಸರ ಹೆಣ ಕಂಡಾಗಲೂ ಆಗಿರಲಿಲ್ಲ. ಬೇಕಂತಲೇ ಮರೆತಿದ್ದರೆ ತನ್ನನ್ನು ತಾನೇ ಬೈದುಕೊಳ್ಳಬಹುದಿತ್ತು. ಜೀವಕ್ಕಿಂತ ಹೆಚ್ಚು ಪ್ರೀತಿ ಮಾಡುವ ಮಗಳು, ಸಾಯುವ ಸ್ಥಿತಿಯಲ್ಲಿ ಕಣ್ಣೆದುರಿಗೇ ಇದ್ದಾಳೆ, ಹೇಳಿದ ಕೆಲಸ ಒಂದೇ ಒಂದು, ಅದೂ ನೆನಪಾಗುವುದಿಲ್ಲವೆಂದರೆ ಏನು ಮಾಡುವುದು? ಪ್ರೀತಿ ಇದ್ದರೆ ಸಾಕು, ಉಳಿದದ್ದು ತಾನಾಗಿ ಆಗುತ್ತದೆಂದು ಅವಳು ನಂಬಿದ್ದಳು. ಮೊಬೈಲಿನಲ್ಲಿ ಅಲಾರಂ ಇಟ್ಟಳು. ಅದು ಹೊಡೆದಾಗ ಚಮಚ ಎತ್ತಿದಳು. ನಾಳೆ, ನಾಡಿದ್ದು, ಇನ್ನೂ ಒಂಬತ್ತು ವರ್ಷ ಹೀಗೆ ಅಲಾರಮ್ಮಿನ ಕೈಯಲ್ಲಿ ಕೂಸನ್ನು ಕೊಟ್ಟು ಕೂರಬೇಕಲ್ಲ.

ಎರಡನೆಯ ದಿನ ಮಧ್ಯಾಹ್ನ ಕೊನೆಯ ಮಂಚದ ದಾವಲ್ ತೀರಿಕೊಂಡ. ನಾಲ್ಕು ವರ್ಷದವನು, ನಳಕ್ಕೆ ಬಾಯಿಟ್ಟು ಕೂತಿದ್ದನಲ್ಲ, ಅವನೇ. ಅವನ ತಾಯಿ ಎಲ್ಲರ ಮುಖ ನೋಡಿ ನೋಡಿ ಒಂದೇ ಮಾತು ಕೇಳುತ್ತಿದ್ದಳು. "ಅಂವ ಕೇಳಲಿಲ್ಲರಿ. ಕೇಳಿದ್ರ ನಾ ಕೊಡ್ತಿದ್ದಿಲ್ಲೇನ್ರಿ?"

ನರ್ಸು ಅವನ ಸಲೈನ್ ಬಾಟಲಿ ಕಳಚಿದಳು.

ಮರುದಿನ ಆರೋಗ್ಯ ಇಲಾಖೆಯ ಮೇಡಂ ಬಂದರು. ಕೈಯಲ್ಲಿ ಕಾಗದದ ಕಟ್ಟು. ಅಳುಮೋರೆ ಮಾಡಿಕೊಂಡೇ ಬಂದಿದ್ದರು, ಅದೂ ನಾಟಕವಲ್ಲ. "ಇಂಥದ್ದು ಮತ್ತೆ ಆಗಬಾರದು. ಯಾವ ಮಗುವೂ ಇನ್ನು ಬಾಯಾರಿ ಸಾಯಬಾರದು," ಎಂದರು. ಮಕ್ಕಳಿಗೆಂದೇ ಸುಧಾರಿಸಿದ ಸೂಜಿ ತಯಾರಾಗಿದೆ, ಮೂತ್ರಪಿಂಡಕ್ಕೂ ತೊಂದರೆಯಿಲ್ಲ, ಇನ್ನು ಮೂರು ವರ್ಷ ತುಂಬಿದವರಿಗೆಲ್ಲ ಕೊಡಬಹುದು. ಮನೆಯ ಹಿರಿಯರು ಯಾರಾದರೊಬ್ಬರು ಸಹಿ ಹಾಕಿದರೆ ಸಾಕು, ನಾಳೆ ಬೆಳಿಗ್ಗೆಯೇ ಶುರು.

ಎಲ್ಲರೂ ಮುಗಿಬಿದ್ದು ಸಹಿ ಹಾಕಿದರು. ಯಾಕೆ ಹಾಕುವುದಿಲ್ಲ? ಕಣ್ಣೆದುರಿಗೆ ದಾವಲನ ಖಾಲಿ ಮಂಚವಿತ್ತು.

ಸಾವಂತ್ರಿಯೂ ಪೆನ್ನು ಹಿಡಿದಳು. ಹಿಡಿದವಳಿಗೆ ಪರದೆಯ ಮೇಲಿನ ಆ ಹಸಿರು ಗೆರೆ ನೆನಪಾಯಿತು. ಅಂಗನವಾಡಿಯ ನಳ ನಿಂತದ್ದು ಊರಿಗೆ ಗೊತ್ತಾದದ್ದು ಮಕ್ಕಳು ಸಾಯಲು ಬಿದ್ದದ್ದರಿಂದ. ನಾಳೆ ಮಕ್ಕಳಿಗೂ ಬಾಯಾರಿಕೆ ಹೋಯಿತು ಎಂದಿಟ್ಟುಕೊಳ್ಳೋಣ. ನಾಡಿದ್ದು ದೊಡ್ಡ ಕೊಳವೆಯೇ ಕಟ್ಟಿಕೊಂಡರೆ? ಮುಕ್ಕಾಲು ಲೀಟರಾದರೂ ಬೇಕಲ್ಲ ದೇಹಕ್ಕೆ! ಒಂದು ದಿನ ಸೈರನ್ ಕೆಟ್ಟರೆ ಅಳುವವರು ಯಾರು, ಹಟ ಮಾಡುವವರು ಯಾರು? ಪರದೆಯ ತುಂಬ ಕಡುಹಸಿರು. ಎರಡು ಲಕ್ಷ ಜನ ಆ ಅಂಗನವಾಡಿಯ ಮಕ್ಕಳ ಹಾಗೆ ಗಪ್ಪಗೆ ಮಲಗಿಬಿಡುತ್ತಾರೆ. ಅವಳು ಪೆನ್ನು ಕೆಳಗಿಟ್ಟಳು.

"ಯಾಕವಾ?" ಎಂದಳು ಕಾಶವ್ವ. "ಹಾಕ ಸಹಿ."

"ಬ್ಯಾಡ್ರಿ ಅತ್ತಿ."

"ಬ್ಯಾಡಾ? ಏನ ತಲಿ ಕೆಟ್ಟೈತಿ ನಿನಗ? ಕೂಸು ಸಾಯಾಕ ಬಿದ್ದಿತ್ತು!"

"ಅದಕ್ಕ ಗೊತ್ತಾತಲ್ರಿ ನಮಗ. ಇಕಿಗೂ ಸೂಜಿ ಹಾಕಿಸಿದ್ರ ಇನ್ನ ಯಾರಿಗೂ ಏನೂ ಗೊತ್ತಾಗೂದಿಲ್ಲ."

"ನಿನಗ ಊರ ಚಿಂತಿ. ನನಗ ನನ್ನ ಕೂಸಿನ ಚಿಂತಿ." ಕಾಶವ್ವ ನೀಲುವಿನ ಹಣೆ ಮುಟ್ಟಿ ನೋಡಿದಳು. "ನಾ ಮತ್ತ ಮರೀತೀನಿ ಸಾವಂತ್ರಿ. ಎಷ್ಟ ನೆನಪ ಇಟ್ಕೊಂಡ್ರೂ ಮರೀತೀನಿ. ನಿನ್ನೆ ಇದs ಮಂಚದ ಮ್ಯಾಲ ಕುಂತು ಮರತೀನಿ. ನನ್ನ ಕೈಯಾಗ ಅದು ಸತ್ರ ನಾ ಹೆಂಗ ಇರಲಿ? ಕೊಡ ಕಾಗದ, ನಾ ಹೆಬ್ಬಟ್ಟ ಒತ್ತತೀನಿ."

ಮುದುಕಿ ಹೇಳಿದ್ದು ಖರೆ. ಅದೇ ಸಾವಂತ್ರಿಯ ಕುತ್ತಿಗೆ ಹಿಡಿದದ್ದು. ಸಹಿ ಹಾಕದಿದ್ದರೆ ಇವತ್ತಲ್ಲ ನಾಳೆ ಈ ಮನೆಯಲ್ಲೇ ಕೂಸು ಒಣಗಿ ಸಾಯುತ್ತದೆ, ಕೊಲ್ಲುವವರು ತಾವೇ. ಹಾಕಿದರೆ ತಾಯಿ, ಮಗಳು, ಅಜ್ಜಿ ಮೂವರೂ ಒಂದೇ ಸಲ ಏನೂ ಅರಿವಾಗದೆ ಸಾಯುವ ದಿನಕ್ಕೆ ಕಾಯಬೇಕು. ಅವಳು ಮೇಡಮ್ಮಿನ ಮುಖ ನೋಡಿದಳು. ಕಾಶವ್ವ ಆಗಲೇ ಶಾಯಿಯ ಡಬ್ಬಿಗೆ ಹೆಬ್ಬೆರಳು ಚಾಚುತ್ತಿದ್ದಳು. ಸಾವಂತ್ರಿ ನೀಲುವಿನ ಕಾಲಿನ ಸೂಜಿ ಕಿತ್ತು, ಕೂಸನ್ನು ಸೊಂಟಕ್ಕೇರಿಸಿಕೊಂಡು ಹೊರಗೆ ನಡೆದುಬಿಟ್ಟಳು.

ಊರ ಹೊರಗೆ ಕೆರೆಯ ದಂಡೆಯ ಮೇಲಿತ್ತು ಪ್ರಯೋಗಾಲಯ. ತಂಪಿನ ಸೂಜಿ ಹುಟ್ಟಿದ್ದು ಅಲ್ಲಿ, ಅದನ್ನು ಮಾಡಿದವರನ್ನೇ ಕೇಳಬೇಕೆಂದು ಸಾವಂತ್ರಿ ಅಲ್ಲಿಗೇ ಹೋದಳು. ಅದನ್ನು ಹುಟ್ಟಿಸಿದ ಡಾಕ್ಟರ್ ವಾಸಂತಿ ಜಮಖಂಡಿ ಅರವತ್ತು ದಾಟಿದ ಹೆಂಗಸು, ಸಣ್ಣ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಸಾವಂತ್ರಿ ಹೆಸರು ಹೇಳಿ, ಕೂಸನ್ನು ತೋರಿಸಿದಳು.

"ಕೂಡ್ರವ್ವಾ," ಎಂದರು ಅವರು. ನೀಲುವಿನ ಚರ್ಮವನ್ನು ಚಿವುಟಿ ನೋಡಿ, ಎದ್ದು ಹೋಗಿ ಒಂದು ಲೋಟ ನೀರು ತಂದರು. "ಮೂರು ದಿನದಿಂದ ನಾನು ಇದೇ ಕೆಲಸ ಮಾಡ್ಲಿಕ್ಕತ್ತೀನಿ. ಯಾರು ಬಂದ್ರೂ ನೀರು ಕೊಡಬೇಕು ಅಂತ ಚೀಟಿ ಬರದು ಗೋಡೆಗೆ ಹಚ್ಚೀನಿ. ನೋಡು, ಅಲ್ಲೇ ಅದ."

ನೀಲು ಗಟಗಟ ಕುಡಿದಳು. ಇಬ್ಬರು ಹೆಂಗಸರೂ ಅವಳ ಗಂಟಲು ಏರಿಳಿಯುವುದನ್ನೇ ನೋಡಿದರು.

"ಮೂವತ್ತು ವರ್ಷ ಬಾಯಾರಿಕೆ ಮ್ಯಾಲೆ ಬರದೀನಿ ನಾನು," ಎಂದರು ಡಾಕ್ಟರು. "ಈಗ ನನ್ನ ಪುಸ್ತಕ ನಾನೇ ಓದಿದ್ರ, ಯಾವುದೋ ದೇಶದ ಜನರ ಬಗ್ಗೆ ಓದಿದಂಗಾಗ್ತದ. ಮನುಷ್ಯಾಗ ಎಷ್ಟು ನೀರು ಬೇಕು ಅಂತ ಅಳತಿ ಮಾಡಿದೆ. ಇನ್ನೊಬ್ಬರ ಬಾಯಾರಿಕೆ ಗೊತ್ತಾಗಬೇಕಾದ್ರ ತನಗ ಎಷ್ಟು ಬಾಯಾರಿಕೆ ಇರಬೇಕು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳ್ಕೊಳ್ಳಲಿಲ್ಲ."

"ತಿರುಗಿ ತರಾಕ ಬರೂದಿಲ್ಲೇನ್ರಿ ಅದನ್ನ?"

ಡಾಕ್ಟರು ನೀಲುವಿನ ಕೈಯಿಂದ ಖಾಲಿ ಲೋಟ ತೆಗೆದುಕೊಂಡರು. "ಬರ್ತದ," ಎಂದರು. "ಮಲಗಿಸಿದ ಜೀವಕೋಶಗಳನ್ನ ಎಬ್ಬಿಸೋ ಔಷಧ ಅದ. ಆದರ ಎದ್ದ ಮ್ಯಾಲೆ ಅವು ಮತ್ತ ಸುಮ್ಮನಾಗೋದಿಲ್ಲವ್ವಾ. ನೀರು ಕುಡಿದ್ರೂ ಕೂಗ್ತಾನೇ ಇರ್ತಾವ. ಮೂರು ಮಂದಿ ತಗೊಂಡ್ರು. ಮೊದಲನೆಯವ ಬಕೆಟ್‌ಗಟ್ಟಲೆ ಕುಡಿದ. ರಕ್ತ ತೆಳ್ಳಗಾಗಿ, ಮಿದುಳು ಬಾತು, ಮೂರನೇ ದಿನಕ್ಕ ಹೋದ. ಉಳಿದಿಬ್ಬರು ಅದಾರ, ಅಳತಿ ಮಾಡಿ ಕುಡೀತಾರ. ಕೆರಿ ಎದುರಿಗೇ ಮನಿ ಇದ್ರೂ ಸಾಯೋತನಕ ಬಾಯಾರಿಕೆ. ನೀರು ಕಂಡ್ರ ಅವರ ಬುದ್ಧಿ ಅವರ ಕೈಯಾಗ ಇರೋದಿಲ್ಲ."

"ನೀವ್ಯಾಕ ತಗೊಂಡಿಲ್ರಿ?"

"ಹೆದರಿಕೆ," ಎಂದರು ಡಾಕ್ಟರು. "ಮತ್ತೇನು?"

ಸಾವಂತ್ರಿಗೂ ಹೆದರಿಕೆಯೇ. ಕಿಟಕಿಯಾಚೆ ಕೆರೆ ತುಂಬಿ ತುಳುಕುತ್ತಿತ್ತು, ಬಾತುಕೋಳಿಗಳು ತೇಲುತ್ತಿದ್ದವು. ಅದು ಸುಳ್ಳಲ್ಲ. ಆ ಕೆರೆಗಾಗಿ ತಾನೂ ಖುಷಿಯಿಂದಲೇ ಸೂಜಿ ಚುಚ್ಚಿಸಿಕೊಂಡವಳು. ಕೊಡಕ್ಕಾಗಿ ಹೊಡೆದಾಡಿ ತಾಯಿಯ ಹಲ್ಲು ಮುರಿದದ್ದನ್ನು ಕಂಡವಳು. ಆ ದಿನಗಳು ಮರಳಿ ಬರಲೆಂದು ಅವಳು ಬೇಡಲಾರಳು. ಆದರೆ ಮನೆಯೊಳಗೆ ಒಬ್ಬರಿಗಾದರೂ ಗೊತ್ತಾಗಬೇಕು. ಕೂಸಿನ ಮುಖ ನೋಡಿದರೆ ಅಲಾರಂ ಇಲ್ಲದೆ, ಚೀಟಿ ಇಲ್ಲದೆ ಗೊತ್ತಾಗಬೇಕು.

"ಇಕಿ ಸಲುವಾಗಿ ಒಬ್ಬರರೆ ಇರಬೇಕ್ರಿ," ಎಂದಳು. "ನನಗ ಹಾಕ್ರಿ."

"ಇದು ಹೋಗೋದಲ್ಲ, ನೋಡು. ಇನ್ನೊಮ್ಮೆ ಮಲಗಿಸಲಿಕ್ಕೆ ನನ್ನ ಕೈಲಿ ಆಗೋದಿಲ್ಲ."

"ಹಾಕ್ರಿ, ಲಗೂನ. ನನ್ನ ಧೈರ್ಯ ಭಾಳ ಹೊತ್ತ ಇರೂದಿಲ್ಲ."

ಡಾಕ್ಟರು ಸೂಜಿ ತಂದು ಹಾಕಿದರು. ಮೂರು ತಾಸಿಗೆ ಶುರುವಾಗುತ್ತದೆ, ತಾಸಿಗೆ ಒಂದು ಲೋಟದ ಮೇಲೆ ಒಂದು ಹನಿಯೂ ಕೂಡದು ಎಂದು ಮತ್ತೆ ಮತ್ತೆ ಹೇಳಿ, ನೀಲುವಿಗೆಂದು ಒಂದು ಹೂಜಿ ನೀರು, ಒಂದು ಲೋಟ ಒಳಗಿನ ಮೇಜಿನ ಮೇಲಿಟ್ಟರು. ತಾಯಿ ಮಗಳು ಪಡಸಾಲೆಯ ಬೆಂಚಿನ ಮೇಲೆ ಕೂತರು. ನೀಲು ಎರಡು ಸಲ ಒಳಗೆ ಹೋಗಿ ಯಾರನ್ನೂ ಕೇಳದೆ ಕುಡಿದು ಬಂದಳು. ಮೂರನೆಯ ಸಲ ಲೋಟವನ್ನು ತುಂಬಿಕೊಂಡೇ ಬಂದು ಎರಡೂ ಕೈಯಲ್ಲಿ ಹಿಡಿದು ಕೂತಳು. ಮತ್ತೆ ಯಾರಾದರೂ ಮುಚ್ಚಿಟ್ಟುಬಿಟ್ಟಾರೆಂಬ ಭಯ ಅದಕ್ಕೆ.

ಮಧ್ಯಾಹ್ನದ ಬಿಸಿಲು ಬೆಂಚಿನ ಕಾಲಿಗೆ ಬಂದಾಗ ಸಾವಂತ್ರಿಯ ನಾಲಿಗೆಗೆ ಏನೋ ಆಯಿತು. ನಾಲಿಗೆ ಬಾಯೊಳಗೆ ಇರುವುದೇ ಅಷ್ಟು ದಿನ ಅವಳಿಗೆ ಗೊತ್ತಿರಲಿಲ್ಲ. ಈಗ ಅದು ದಪ್ಪಗೆ, ಬೇರೆಯವರದೆಂಬಂತೆ ಬಿದ್ದುಕೊಂಡಿತು. ಉಗುಳು ನುಂಗಿದಳು. ಉಗುಳಿರಲಿಲ್ಲ. ಗಂಟಲು ಅಂಟಿಕೊಂಡಿತು. ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ ಎದೆಯಿಂದ, ಹೊಟ್ಟೆಯಿಂದ, ಎಲುಬಿನೊಳಗಿನಿಂದ ಎದ್ದು ಬಂತು. ಬಿಸಿ ಮರಳು ತುಂಬಿದ ಚೀಲದ ಹಾಗಾಯಿತು ಮೈ. ಕೆರೆ ಕಂಡಿತು, ಬರೀ ಕೆರೆಯೇ ಕಂಡಿತು. ಮಗಳು, ಬೆಂಚು, ಹೆಸರು, ಊರು ಏನೂ ನೆನಪಿಲ್ಲದೆ ಒಂದೇ ಮಾತು ತಲೆಯೊಳಗೆ ಬಡಿಯತೊಡಗಿತು. ಇದನ್ನಾ? ಇದನ್ನಾ ಈ ಕೂಸು ನಾಲ್ಕು ದಿನ, ಬಾಯಿ ಮುಚ್ಚಿಕೊಂಡು, ತನ್ನ ಮಗ್ಗುಲಲ್ಲೇ ಮಲಗಿ ತಾಳಿಕೊಂಡದ್ದು?

ಲೋಟ ಖಾಲಿಯಾದ ಮೇಲೆ ಅವಳಿಗೆ ಅರಿವಾಯಿತು, ತಾನು ಕುಡಿದದ್ದು ನೀಲುವಿನ ನೀರು. ಕೂಸಿನ ಕೈಯಿಂದ ಕಿತ್ತುಕೊಂಡಿರಬೇಕು. ಎರಡು ಪುಟ್ಟ ಕೈಗಳು ಇನ್ನೂ ಲೋಟ ಹಿಡಿದ ಹಾಗೆಯೇ ಗಾಳಿಯಲ್ಲಿದ್ದವು. ಸಾವಂತ್ರಿಗೆ ಕೂಗಬೇಕೆನಿಸಿತು. ಮಗಳನ್ನು ಕಾಯಲೆಂದು ಮೈಮೇಲೆ ಎಳೆದುಕೊಂಡದ್ದು ಮೊದಲ ಗಳಿಗೆಗೇ ಮಗಳ ಬಾಯಿಗೆ ಕೈಹಾಕಿತಲ್ಲ! ಕುಡಿದದ್ದು ಎಲ್ಲಿ ಹೋಯಿತೋ, ಬಾಯಾರಿಕೆ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ಇನ್ನು ಇದು ಸಾಯುವವರೆಗೆ. ಅವಳು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಳು.

ನೀಲು ಅಳಲಿಲ್ಲ. ತಾಯಿಯ ಮುಖವನ್ನೇ ನೋಡಿದಳು. ಹತ್ತಿರ ಸರಿದು ತಾಯಿಯ ಒಣಗಿದ ತುಟಿಯ ಮೇಲೆ ಬೆರಳಿಟ್ಟಳು. ಆ ಊರಿನಲ್ಲಿ ಮೂರು ವರ್ಷದಿಂದ ಯಾವ ದೊಡ್ಡವರಿಗೂ ತಿಳಿಯದಿದ್ದದ್ದು ಆ ಕೂಸಿಗೆ ಒಂದೇ ನೋಟಕ್ಕೆ ತಿಳಿಯಿತು.

"ನಿನಗೂ ಬಂತೇನವ್ವಾ?"

ಸಾವಂತ್ರಿ ತಲೆಯಾಡಿಸಿದಳು.

"ಸುಮ್ಮನ ಇರಬ್ಯಾಡವ್ವಾ, ಕೇಳು," ಎಂದಳು ನೀಲು. "ನಾ ಹೊಡಿಯೂದಿಲ್ಲ."

ಹಾಗೆಂದವಳು ಬೆಂಚಿನ ಮೇಲಿದ್ದ ಖಾಲಿ ಲೋಟವನ್ನು ತಾಯಿಯ ತೊಡೆಯ ಮೇಲಿಟ್ಟು, ಹೂಜಿ ತರಲು ಒಳಗೆ ಓಡಿದಳು.